ಹರಾಜಿನಲ್ಲಿ ಹಳೆ ಕಾರು: ಬಿಡ್ ಕೂಗುವ ಮೊದಲಿನಿಂದ ಆರ್‌ಸಿ ಕೈಗೆ ಬರುವವರೆಗೆ

ಸೀಜ್ ಆದ ಕಾರು ಹರಾಜಿನಲ್ಲಿ ಅಗ್ಗಕ್ಕೆ ಸಿಗುತ್ತದೆ ಎಂಬುದು ನಿಜ. ಮೈಸೂರು, ಮಂಡ್ಯ ಕಡೆಯಿಂದ ಹೋಗಿ ಕಾರು ತಂದ ಎಷ್ಟೋ ಜನ ಆಮೇಲೆ ಆರ್‌ಟಿಒ ಕಚೇರಿಗೆ ಅಲೆದು ಸೋತಿರುವುದೂ ಅಷ್ಟೇ ನಿಜ. ಕಾರು ಮನೆ ಮುಂದೆ ನಿಂತಿರುತ್ತದೆ, ಆರ್‌ಸಿ (ನೋಂದಣಿ ಪತ್ರ) ಇನ್ನೂ ಯಾರದೋ ಹೆಸರಲ್ಲಿರುತ್ತದೆ, ವಿಮೆ ಮಾಡಿಸುವುದು ಕಷ್ಟ, ಮಾರಲೂ ಆಗುವುದಿಲ್ಲ.

ಎಡವುವ ಜಾಗ ಹೆಚ್ಚುಕಡಿಮೆ ಒಂದೇ. ಮೊದಲು ಕಾರು ನೋಡುತ್ತಾರೆ, ಆಮೇಲೆ ಬೆಲೆ ನೋಡುತ್ತಾರೆ, ಕಾಗದವನ್ನು ದುಡ್ಡು ಕಟ್ಟಿದ ಮೇಲೆ ನೋಡುತ್ತಾರೆ. ಈ ಕ್ರಮ ಪೂರ್ತಿ ತಿರುಗಬೇಕು. ಆರ್‌ಸಿ ನಿಮ್ಮ ಹೆಸರಿಗೆ ಯಾವ ದಾರಿಯಲ್ಲಿ ಬರುತ್ತದೆ ಎಂಬುದು ಗೊತ್ತಾಗುವ ತನಕ ಯಾರ್ಡ್‌ಗೆ, ಅಂದರೆ ಸೀಜ್ ಆದ ಗಾಡಿ ನಿಲ್ಲಿಸುವ ಜಾಗಕ್ಕೆ, ಹೋಗಲೂ ಬೇಡಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಒಂದು ಹಂತ ತೃಪ್ತಿಕರವಾಗಿ ಮುಗಿಯದಿದ್ದರೆ ಆ ಕಾರನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಹರಾಜು ಪಟ್ಟಿ ಪ್ರತಿ ವಾರ ಹೊಸದಾಗಿ ಬರುತ್ತಲೇ ಇರುತ್ತದೆ.

## ಹಂತ 1: ಇದು ಯಾವ ಬಗೆಯ ಹರಾಜು?

ನಾಲ್ಕು ಬಗೆಯ ಹರಾಜುಗಳಿವೆ. ನಾಲ್ಕರ ಕಾಗದವೂ ಬೇರೆ ಬೇರೆ.

ಬ್ಯಾಂಕ್, ಫೈನಾನ್ಸ್ ಕಂಪನಿಗಳ ಹರಾಜು. ಕಂತು ಕಟ್ಟದ್ದಕ್ಕೆ ಸೀಜ್ ಮಾಡಿದ ಗಾಡಿಗಳು. ಮನೆಬಳಕೆಗೆ ಕಾರು ಬೇಕಾದವರು ನೋಡಬೇಕಾದದ್ದು ಇದನ್ನೇ. ಹರಾಜು ಆನ್‌ಲೈನ್‌ನಲ್ಲಿ ನಡೆಯುತ್ತದೆ, ಗಾಡಿ ಯಾವುದಾದರೂ ಯಾರ್ಡ್‌ನಲ್ಲಿ ನಿಂತಿರುತ್ತದೆ. ನಮ್ಮ ಕಡೆಯವರಿಗೆ ಆ ಯಾರ್ಡ್ ಅನೇಕ ಸಲ ಬೆಂಗಳೂರಿನ ಹೊರವಲಯದಲ್ಲಿರುತ್ತದೆ.

ವಿಮಾ ಕಂಪನಿಯ ಸಾಲ್ವೇಜ್ ಹರಾಜು. ಅಪಘಾತವಾದ ಅಥವಾ ನೀರಿಗೆ ಬಿದ್ದ ಗಾಡಿಗಳು. ರಿಪೇರಿ ವೆಚ್ಚ ವಿಮೆಯ ಘೋಷಿತ ಮೌಲ್ಯದ ಶೇ 75 ದಾಟಿದಾಗ ಕಂಪನಿ ಅದನ್ನು ಟೋಟಲ್ ಲಾಸ್ (ಪೂರ್ತಿ ನಷ್ಟ) ಎಂದು ಪರಿಗಣಿಸುತ್ತದೆ. ಸ್ವಂತ ಗ್ಯಾರೇಜ್ ಇಲ್ಲದವರು ಇದರ ಹತ್ತಿರ ಸುಳಿಯದಿರುವುದು ಒಳ್ಳೆಯದು.

ಸರ್ಕಾರಿ ಇಲಾಖೆಗಳ ಹರಾಜು. ಕಂಡಮ್ ಆದ, ಅಂದರೆ ಇನ್ನು ಬಳಕೆಗೆ ಬಾರದು ಎಂದು ಇಲಾಖೆ ತೀರ್ಮಾನಿಸಿದ ಜೀಪು, ಕಾರುಗಳು. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ನವೀಕರಣವಾಗುವುದಿಲ್ಲ. ಅವು ಗುಜರಿ ಕೇಂದ್ರಕ್ಕೇ ಹೋಗಬೇಕು. ಅಂಥ ಬೊಲೆರೊ, ಅಂಬಾಸಿಡರ್‌ ತೋರಿಸಿ ‘ಆರ್‌ಸಿ ಮಾಡಿಸಿಕೊಡುತ್ತೇನೆ’ ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಪೊಲೀಸ್, ಅಬಕಾರಿ ಇಲಾಖೆಗಳ ಹರಾಜು. ವಾರಸುದಾರರಿಲ್ಲದ ಅಥವಾ ಮುಟ್ಟುಗೋಲು ಹಾಕಿಕೊಂಡ ವಾಹನಗಳು. ಮೂಲ ಆರ್‌ಸಿ ಅನೇಕ ಸಲ ಇರುವುದಿಲ್ಲ. ಇಲ್ಲಿ ಹೆಸರು ಬದಲಾವಣೆಗೆ ಫಾರಂ 32 ಬೇಕು. ಅದರ ಜೊತೆ ಹರಾಜು ನಡೆಸಿದ ಅಧಿಕಾರಿ ಸಹಿ ಮಾಡಿದ ಮಾರಾಟ ದೃಢೀಕರಣ ಮತ್ತು ಹರಾಜಿಗೆ ಅನುಮತಿ ಕೊಟ್ಟ ಆದೇಶದ ದೃಢೀಕೃತ ಪ್ರತಿ ಇರಬೇಕು. ಪ್ರಕಟಣೆಯಲ್ಲಿ ‘ಗುಜರಿಯಾಗಿ ಮಾತ್ರ’ ಎಂಬ ಸಾಲಿದ್ದರೆ ಆ ವಾಹನ ರಸ್ತೆಗೆ ಬರುವುದಿಲ್ಲ.

ಇನ್ನೊಂದು ಬಗೆಯೂ ಉಂಟು. ವಾಟ್ಸ್‌ಆ್ಯಪ್‌, ಫೇಸ್‌ಬುಕ್‌ನಲ್ಲಿ ‘ಬ್ಯಾಂಕ್ ಸೀಜಿಂಗ್ ಕಾರು, 60 ಸಾವಿರ ಮಾತ್ರ, ಟೋಕನ್ ಹಾಕಿ’ ಎಂದು ಬರುವುದು. ಅದು ಹರಾಜೇ ಅಲ್ಲ, ಶುದ್ಧ ಮೋಸ. ದುಡ್ಡು ಹಾಕಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ದೂರು ಕೊಟ್ಟಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇಲ್ಲಿಂದ ಮುಂದೆ ಹೇಳುವುದು ಮುಖ್ಯವಾಗಿ ಬ್ಯಾಂಕ್ ಹರಾಜಿನ ಬಗ್ಗೆ.

## ಹಂತ 2: ಮನೆಯಲ್ಲೇ ಕೂತು ಕಾಗದ ಜಾಲಾಡಿ

ಪಟ್ಟಿಯಲ್ಲಿ ನೋಂದಣಿ ಸಂಖ್ಯೆ ಇರುತ್ತದೆ. ಅದನ್ನು ಪರಿವಾಹನ್ ಜಾಲತಾಣದಲ್ಲಿ ಅಥವಾ ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ಈ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ನೋಂದಣಿ ದಿನಾಂಕ, ಆರ್‌ಸಿ ಎಲ್ಲಿಯವರೆಗೆ ಚಾಲ್ತಿ, ವಿಮೆ ಎಲ್ಲಿಯವರೆಗೆ, ಸಾಲ ಯಾರ ಹೆಸರಲ್ಲಿ, ಎಷ್ಟನೇ ಮಾಲೀಕರು, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ.

ಸಾಲ ಕೊಟ್ಟವರ ಹೆಸರು ಹರಾಜು ಹಾಕುತ್ತಿರುವ ಬ್ಯಾಂಕಿನ ಹೆಸರೇ ಆಗಿರಬೇಕು. ಬೇರೆ ಇದ್ದರೆ ಹಳೆ ಸಾಲದ ಟಿಪ್ಪಣಿ ತೆಗೆಸಿಲ್ಲ ಎಂದರ್ಥ, ಆಗ ಎರಡು ಕಡೆಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕಾಗುತ್ತದೆ. ಬ್ಲ್ಯಾಕ್‌ಲಿಸ್ಟ್ ಎಂದು ಕಂಡರೆ ಕಾರಣ ಗೊತ್ತಾಗುವವರೆಗೂ ಮುಂದುವರಿಯಬೇಡಿ. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. 13-14 ವರ್ಷದ ಕಾರು ಕೊಂಡರೆ ಬೇಗನೇ ಫಿಟ್‌ನೆಸ್‌, ಮರುನೋಂದಣಿ, ಹಸಿರು ತೆರಿಗೆ ಎಲ್ಲ ನಿಮ್ಮ ತಲೆಗೇ ಬರುತ್ತವೆ.

ಬಾಕಿ ದಂಡವನ್ನು ಇ-ಚಲನ್ ತಾಣದಲ್ಲೂ ರಾಜ್ಯ ಪೊಲೀಸರ ತಾಣದಲ್ಲೂ ನೋಡಿ. ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಕಾಣುವುದುಂಟು. ಸರ್ಕಾರ 2023ರಲ್ಲಿ, 2025ರಲ್ಲಿ ಶೇ 50 ರಿಯಾಯಿತಿ ಕೊಟ್ಟಿತ್ತು ನಿಜ, ಆದರೆ ಅಂಥದ್ದನ್ನು ನಂಬಿಕೊಂಡು ಲೆಕ್ಕ ಹಾಕಬೇಡಿ. ಕಳವಿನ ಗಾಡಿಯೇ ಎಂದು ನೋಡಲು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾಹನ್ ಸಮನ್ವಯ್ ವ್ಯವಸ್ಥೆ ಇದೆ.

ನಂಬರ್ ಪ್ಲೇಟ್ ಕೂಡ ಮಾತಾಡುತ್ತದೆ. ಕೆಎ-09, ಕೆಎ-55 ಮೈಸೂರಿನವು, ಕೆಎ-11 ಮಂಡ್ಯ, ಕೆಎ-45 ಹುಣಸೂರು, ಕೆಎ-54 ನಾಗಮಂಗಲ. ಇವುಗಳ ಸರ್ವಿಸ್ ಚರಿತ್ರೆ ಇಲ್ಲೇ ಸಿಗುತ್ತದೆ. ಕೆಎ-19, ಕೆಎ-20 ಕರಾವಳಿಯವು, ತಳಭಾಗದ ತುಕ್ಕು ನೋಡಲೇಬೇಕು. ಹೊರರಾಜ್ಯದ ಕಾರಾದರೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ಬೇಕು, ಜೊತೆಗೆ ಕರ್ನಾಟಕದ ಜೀವಿತಾವಧಿ ತೆರಿಗೆ ಕಟ್ಟಬೇಕು. ಹೊಸ ಪೆಟ್ರೋಲ್ ಅಥವಾ ಡೀಸೆಲ್ ಕಾರಿಗೆ ಈ ತೆರಿಗೆ ಬೆಲೆಗೆ ತಕ್ಕಂತೆ ಶೇ 13ರಿಂದ 18, ಅದರ ಮೇಲೆ ಸೆಸ್. ಹಳೆಯದಕ್ಕೆ ವಯಸ್ಸು ನೋಡಿ ಇಳಿಸುತ್ತಾರೆ. ಇಳಿಸಿದ ಮೇಲೂ ಅದು ಸಣ್ಣ ಮೊತ್ತವಲ್ಲ. ದೆಹಲಿ ನೋಂದಣಿಯ ಡೀಸೆಲ್ ಕಾರು ಅಗ್ಗ ಅನ್ನಿಸುವುದಕ್ಕೆ ಕಾರಣ ಅಲ್ಲಿ ಹಳೆ ಡೀಸೆಲ್ ಕಾರುಗಳ ಮೇಲಿನ ನಿರ್ಬಂಧ. ಇಲ್ಲಿ ತೆರಿಗೆ ಕಟ್ಟುವಾಗ ಆ ಅಗ್ಗ ಕರಗಿಹೋಗುತ್ತದೆ.

ಹಳದಿ ಬೋರ್ಡ್ (ಬಾಡಿಗೆ) ಗಾಡಿಗಳೂ ಹರಾಜಿನಲ್ಲಿ ಧಾರಾಳವಾಗಿ ಬರುತ್ತವೆ. ಅವನ್ನು ಬಿಳಿ ಬೋರ್ಡ್‌ಗೆ ಬದಲಿಸಲು ಪರ್ಮಿಟ್ ಒಪ್ಪಿಸಬೇಕು, ತೆರಿಗೆ ಬಾಕಿ ತೀರಿಸಬೇಕು, ಖಾಸಗಿ ವಾಹನದ ತೆರಿಗೆ ಕಟ್ಟಬೇಕು. ಸೀಜ್ ಆದಂದಿನಿಂದ ಯಾರ್ಡ್‌ನಲ್ಲಿ ನಿಂತ ತಿಂಗಳುಗಳ ತೆರಿಗೆಯೂ ಬಾಕಿಯಲ್ಲಿ ಸೇರಿರಬಹುದು. ಸಿಎನ್‌ಜಿ ಕಿಟ್ ಇದ್ದರೆ ಅದು ಆರ್‌ಸಿಯಲ್ಲಿ ನಮೂದಾಗಿರಬೇಕು. ಸಿಲಿಂಡರ್‌ಗೆ ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಮಾಡಿಸಿದ ಪತ್ರವೂ ಬೇಕು.

## ಹಂತ 3: ಆರ್‌ಸಿ ಬರುವ ದಾರಿಯನ್ನು ಬರಹದಲ್ಲಿ ಪಡೆಯಿರಿ

ಎಲ್ಲಕ್ಕಿಂತ ದೊಡ್ಡ ಹಂತ ಇದು. ಹರಾಜು ನಡೆಸುವವರಿಗೂ ಬ್ಯಾಂಕಿಗೂ ಇಮೇಲ್ ಕಳಿಸಿ ಒಂದೇ ಪ್ರಶ್ನೆ ಕೇಳಿ: ಈ ವಾಹನದ ಹೆಸರು ಬದಲಾವಣೆಗೆ ನೀವು ಯಾವ ಯಾವ ದಾಖಲೆ, ಎಷ್ಟು ದಿನದಲ್ಲಿ ಕೊಡುತ್ತೀರಿ? ಫೋನಿನಲ್ಲಿ ‘ಎಲ್ಲಾ ಕೊಡ್ತೀವಿ ಸಾರ್’ ಎಂದದ್ದಕ್ಕೆ ಬೆಲೆಯಿಲ್ಲ.

ಮೊದಲನೇ ದಾರಿ: ಮೂಲ ಆರ್‌ಸಿ, ಮಾಲೀಕತ್ವ ವರ್ಗಾವಣೆಗೆ ಹಳೆ ಮಾಲೀಕರು ಸಹಿ ಮಾಡಿದ ಫಾರಂ 29 ಮತ್ತು 30, ಸಾಲ ತೆಗೆಸಲು ಬ್ಯಾಂಕ್ ಸಹಿ ಮಾಡಿದ ಫಾರಂ 35 ಎರಡು ಪ್ರತಿ, ಬ್ಯಾಂಕಿನ ಎನ್‌ಒಸಿ, ಮಾರಾಟ ಪತ್ರ. ಕೇಳಲು ಸುಲಭ. ಆದರೆ ಈ 29, 30ಕ್ಕೆ ಎಷ್ಟೋ ಸಲ ಸಾಲ ಕೊಡುವ ದಿನವೇ ಖಾಲಿ ಹಾಳೆಯಲ್ಲಿ ಸಹಿ ಹಾಕಿಸಿಟ್ಟಿರುತ್ತಾರೆ. ಆರ್‌ಟಿಒ ದಾಖಲೆಯ ಸಹಿಗೆ ತಾಳೆಯಾಗದಿದ್ದರೆ ಅರ್ಜಿ ವಾಪಸ್. ಅದಕ್ಕಿಂತ ದೊಡ್ಡ ತೊಡಕು ಒಟಿಪಿಯದು. ಆನ್‌ಲೈನ್ ಅರ್ಜಿ ಹಾಕುವಾಗ ಆರ್‌ಸಿಗೆ ಜೋಡಿಸಿದ ಮೊಬೈಲ್‌ಗೆ ಒಟಿಪಿ ಹೋಗುತ್ತದೆ. ಆ ಮೊಬೈಲ್ ಕಾರು ಕಳೆದುಕೊಂಡ ಮನುಷ್ಯನ ಕೈಯಲ್ಲಿರುತ್ತದೆ, ಅವರು ಕೊಡಲಿಕ್ಕಿಲ್ಲ. ಇದನ್ನು ಯಾರು ಬಗೆಹರಿಸುತ್ತಾರೆ ಎಂದು ಮೊದಲೇ ಕೇಳಿ. ಸಾಲಗಾರರು ತೀರಿಕೊಂಡಿದ್ದರೆ ಆ ಹಳೆ ಸಹಿಗಳು ಉಪಯೋಗಕ್ಕೆ ಬರುವುದಿಲ್ಲ.

ಎರಡನೇ ದಾರಿ: ಮಾಲೀಕರು ಆರ್‌ಸಿ ಒಪ್ಪಿಸಲು ನಿರಾಕರಿಸಿದರೆ ಅಥವಾ ಸಿಗದೇ ಹೋದರೆ ಮೋಟಾರು ವಾಹನ ಕಾಯ್ದೆಯ ಕಲಂ 51(5)ರ ಪ್ರಕಾರ ಬ್ಯಾಂಕ್ ಫಾರಂ 36 ಹಾಕಿ, ಹಳೆ ಮಾಲೀಕರಿಗೆ ನೋಟಿಸ್ ಹೋದ ಮೇಲೆ, ತನ್ನದೇ ಹೆಸರಿಗೆ ಹೊಸ ಆರ್‌ಸಿ ಪಡೆಯಬಹುದು. ಆಮೇಲೆ ಬ್ಯಾಂಕೇ ಮಾಲೀಕನಾಗಿ ನಿಮಗೆ 29, 30 ಸಹಿ ಮಾಡಿಕೊಡುತ್ತದೆ. ಸಮಯ ಹಿಡಿಯುತ್ತದೆ, ಆದರೆ ಗಟ್ಟಿಯಾದ ದಾರಿ. ಫಾರಂ 36ರ ಕೆಲಸ ಮುಗಿದಿರುವ ಕಾರು ಸಿಕ್ಕರೆ 10-15 ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಹರಾಜು ಷರತ್ತಿನಲ್ಲಿ ‘ಆರ್‌ಸಿ ವರ್ಗಾವಣೆ ಖರೀದಿದಾರರ ಹೊಣೆ, ದಾಖಲೆ ಕೊರತೆಗೆ ಬ್ಯಾಂಕ್ ಜವಾಬ್ದಾರಿಯಲ್ಲ’ ಎಂದಿದ್ದು ಇಮೇಲ್‌ಗೆ ಉತ್ತರವೂ ಬರದಿದ್ದರೆ ಆ ಕಾರು ಬೇಡ. ಬೆಲೆ ಎಷ್ಟೇ ಕಡಿಮೆ ಇರಲಿ, ಬೇಡ.

ಇದೇ ಇಮೇಲ್‌ನಲ್ಲಿ ಇನ್ನೊಂದನ್ನೂ ಕೇಳಿಕೊಳ್ಳಿ. ಹಳೆ ಮಾಲೀಕರಿಗೆ ಮಾರಾಟಪೂರ್ವ ನೋಟಿಸ್ ಹೋಗಿದೆಯೇ, ಸೀಜ್ ಮಾಡಿದ್ದನ್ನು ಪೊಲೀಸ್ ಠಾಣೆಗೆ ತಿಳಿಸಿದ ಪ್ರತಿ ಇದೆಯೇ, ಕೋರ್ಟಿನಲ್ಲಿ ತಡೆಯಾಜ್ಞೆ ಏನಾದರೂ ಇದೆಯೇ. ಹಳೆ ಮಾಲೀಕರು ದೂರು ಕೊಟ್ಟು ಗಾಡಿ ರಸ್ತೆಯಲ್ಲಿ ತಡೆಯಲ್ಪಟ್ಟರೆ ನಿಮ್ಮ ಕೈಯಲ್ಲಿ ತೋರಿಸಲು ಇರುವುದು ಈ ಕಾಗದಗಳೇ.

## ಹಂತ 4: ಹರಾಜಿನ ಷರತ್ತು ಓದಿ

ಎಲ್ಲ ಹರಾಜೂ ‘ಇದ್ದ ಹಾಗೇ, ಇದ್ದ ಜಾಗದಲ್ಲೇ’ ಎಂಬ ಷರತ್ತಿನ ಮೇಲೆ ನಡೆಯುತ್ತದೆ. ಗ್ಯಾರಂಟಿ ಇಲ್ಲ, ವಾಪಸಾತಿ ಇಲ್ಲ. ಷರತ್ತು ಪತ್ರದಲ್ಲಿ ಹುಡುಕಬೇಕಾದ ಸಾಲುಗಳು: ಮುಂಗಡ ಠೇವಣಿ ಎಷ್ಟು, ಯಾವಾಗ ವಾಪಸ್. ಖರೀದಿದಾರರ ಕಮಿಷನ್ ಎಷ್ಟು. ಬಿಡ್ ಮೊತ್ತದಲ್ಲಿ ಜಿಎಸ್‌ಟಿ ಸೇರಿದೆಯೇ, ಹೊರಗೆಯೇ. ಗೆದ್ದ ಮೇಲೆ ಎಷ್ಟು ದಿನದಲ್ಲಿ ಹಣ ಕಟ್ಟಬೇಕು. ಯಾರ್ಡ್ ಬಾಡಿಗೆ ಯಾವ ದಿನದಿಂದ ನಿಮ್ಮ ಲೆಕ್ಕಕ್ಕೆ. ಬೆಲೆ 10 ಲಕ್ಷ ದಾಟಿದರೆ ಶೇ 1 ಟಿಸಿಎಸ್ (ಮಾರುವವರು ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಬೇರೆ, ಅದನ್ನು ಆದಾಯ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು.

ಹೆಚ್ಚಿನ ಬಿಡ್‌ಗಳು ಬ್ಯಾಂಕಿನ ಒಪ್ಪಿಗೆಗೆ ಒಳಪಟ್ಟಿರುತ್ತವೆ. ನೀವೇ ಗರಿಷ್ಠ ಕೂಗಿದ್ದರೂ ಬ್ಯಾಂಕ್ ಒಪ್ಪುವ ತನಕ ಕಾರು ನಿಮ್ಮದಲ್ಲ. ಈ ಅವಧಿಯಲ್ಲಿ ಠೇವಣಿ ಸಿಕ್ಕಿಕೊಂಡಿರುತ್ತದೆ. ಹಣ ತಿರುಗಿಸಬೇಕಾದವರು ಗಮನಿಸಿ.

## ಹಂತ 5: ಯಾರ್ಡ್‌ನಲ್ಲಿ ಕಾರು ನೋಡುವುದು

ಜೊತೆಗೆ ಒಯ್ಯಬೇಕಾದದ್ದು: ಒಳ್ಳೆಯ ಟಾರ್ಚ್, ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ, ಮಲ್ಟಿಮೀಟರ್, ಬ್ಲೂಟೂತ್ ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ನಲ್ಲಿ ದಾಖಲಾದ ದೋಷ ಓದುವ ಸಾಧನ), ಬಿಳಿ ಟಿಶ್ಯೂ, ಹಳೆ ಬಟ್ಟೆ, ಸ್ವಲ್ಪ ಸೀಮೆಎಣ್ಣೆ, ಪೆನ್ಸಿಲ್, ತೆಳು ಬಿಳಿ ಹಾಳೆ, ನೆಲಕ್ಕೆ ಹಾಸಲು ಗೋಣಿಚೀಲ. ನಂಬಿಕಸ್ಥ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ಯುವುದಾದರೆ ಅವರ ದಿನಗೂಲಿಯಲ್ಲಿ ಜಿಪುಣತನ ಮಾಡಬೇಡಿ. ಬೆಳಿಗ್ಗೆ ಹೊತ್ತು ಹೋಗಿ, ಮಳೆ ಬರುವಾಗ ಬೇಡ. ಒದ್ದೆ ಬಣ್ಣ ಡೆಂಟು ಮುಚ್ಚುತ್ತದೆ. ಓಡಿಸಿ ನೋಡಲು ಸಾಮಾನ್ಯವಾಗಿ ಬಿಡುವುದಿಲ್ಲ. ಎಂಜಿನ್ ಸ್ಟಾರ್ಟ್ ಮಾಡಲು ಬಿಡುತ್ತಾರೆಯೇ ಎಂದು ಹಿಂದಿನ ದಿನವೇ ಫೋನ್ ಮಾಡಿ ಕೇಳಿ.

ಮೊದಲು ಚಾಸಿ ನಂಬರ್. ಮಾಡೆಲ್ ನೋಡಿಕೊಂಡು ಎಂಜಿನ್ ಹಿಂದಿನ ಗೋಡೆಯ ಮೇಲೋ ಮುಂದಿನ ಸೀಟಿನ ಕೆಳಗೋ ಕೊರೆದಿರುತ್ತದೆ. 17 ಅಕ್ಷರಗಳಿರಬೇಕು. ಮಾರುತಿಯಾದರೆ ಎಂಎ3, ಹ್ಯುಂಡೈಯಾದರೆ ಎಂಎಎಲ್, ಟಾಟಾ ಆದರೆ ಎಂಎಟಿ ಎಂದು ಸಾಮಾನ್ಯವಾಗಿ ಶುರುವಾಗುತ್ತದೆ. ಬಟ್ಟೆಗೆ ಸೀಮೆಎಣ್ಣೆ ಹಾಕಿ ಒರೆಸಿ, ಹಾಳೆ ಇಟ್ಟು ಪೆನ್ಸಿಲನ್ನು ಮಲಗಿಸಿ ಉಜ್ಜಿ. ಅಕ್ಷರಗಳು ಬಿಳಿಯಾಗಿ ಮೂಡುತ್ತವೆ. ಕಂಪನಿಯ ಕೊರೆತದಲ್ಲಿ ಅಕ್ಷರಗಳ ಆಳ, ನಡುವಿನ ಅಂತರ, ಕೆಳಗೆರೆ ಎಲ್ಲ ಒಂದೇ ಸಮ. ಕೈಯಲ್ಲಿ ಹೊಡೆದದ್ದರಲ್ಲಿ ಒಂದು ಅಂಕಿ ಮೇಲೆ, ಒಂದು ಕೆಳಗೆ, ಒಂದು ಆಳ, ಒಂದು ತೇಲು. ಅಂಕಿಗಳ ಹಿನ್ನೆಲೆಯಲ್ಲಿ ಗ್ರೈಂಡರ್‌ನ ಅಡ್ಡಗೀರು ಮೂಡಿದರೆ, ಅಥವಾ ಆ ತಗಡಿನ ಸುತ್ತ ವೆಲ್ಡಿಂಗ್ ಗಂಟು ಕಂಡರೆ, ಉಳಿದ ಪರೀಕ್ಷೆ ಬೇಕಿಲ್ಲ, ಮನೆಗೆ ಹೊರಡಿ. ಸರಿ ಇದ್ದರೆ ಆ ಹಾಳೆ ಜೋಪಾನ, ಆರ್‌ಟಿಒದಲ್ಲೂ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ಎಂಜಿನ್ ನಂಬರನ್ನೂ ಆರ್‌ಸಿ ವಿವರಕ್ಕೆ ತಾಳೆ ನೋಡಿ.

ನೀರು ಹೊಕ್ಕ ಕಾರು. ಬೆಲೆ ಅನುಮಾನಾಸ್ಪದವಾಗಿ ಕಡಿಮೆಯಿದ್ದು ಹೊರಗೆ ಕಾರು ಹೊಳೆಯುತ್ತಿದ್ದರೆ ಮೊದಲ ಸಂಶಯ ನೀರಿನದೇ ಇರಲಿ. 2015 ಮತ್ತು 2023ರ ಚೆನ್ನೈ ನೆರೆ, 2018ರ ಕೇರಳ, ಕೊಡಗಿನ ನೆರೆ, 2022ರ ಬೆಂಗಳೂರು ಮಳೆಯಲ್ಲಿ ಮುಳುಗಿದ ಕಾರುಗಳೆಲ್ಲ ಗುಜರಿಗೆ ಹೋಗಿಲ್ಲ. ನಮ್ಮಲ್ಲೂ 2018, 2019ರಲ್ಲಿ ಕಪಿಲೆ ಉಕ್ಕಿ ನಂಜನಗೂಡು ರಸ್ತೆಗೆ ನೀರು ಬಂದದ್ದು ನೆನಪಿರಲಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಮುಂಭಾಗ ತೊಳೆದಿರುತ್ತಾರೆ, ಸುರುಳಿಯ ಒಳಗಿನ ಕೊನೆಯ ಅರ್ಧ ಅಡಿ ಯಾರೂ ತೊಳೆಯುವುದಿಲ್ಲ. ಅಲ್ಲಿ ಕೆಸರಿನ ಗೆರೆ ನೇರವಾಗಿ ನಿಂತಿರುತ್ತದೆ. ಕಾರ್ಪೆಟ್ ಎತ್ತಿ ಕೆಳಗಿನ ಸ್ಪಂಜಿಗೆ ಟಿಶ್ಯೂ ಒತ್ತಿ. ಸೀಟಿನ ಹಳಿ, ಡ್ಯಾಶ್‌ಬೋರ್ಡ್ ಅಡಿಯ ಸ್ಕ್ರೂ ತಲೆಗಳು, ಸ್ಟೆಪ್ನಿ ಗುಂಡಿಯ ತುಕ್ಕು ನೋಡಿ. ಒಳಗೆ ಘಾಟು ಸುಗಂಧ ಹೊಡೆದಿದ್ದರೆ ಏನನ್ನು ಮುಚ್ಚುತ್ತಿದ್ದಾರೆ ಎಂದು ಕೇಳಿಕೊಳ್ಳಿ. ನೀರಿನ ಗುರುತು ಕಂಡ ಕಾರನ್ನು ಸ್ಟಾರ್ಟ್ ಮಾಡಿಸಬೇಡಿ. ಸಿಲಿಂಡರ್‌ನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಜಗಳ ನಿಮ್ಮ ಮೇಲೆ ಬರುತ್ತದೆ. ನೀರು ಹೊಕ್ಕ ಕಾರಿನ ವೈರಿಂಗ್ ವರ್ಷಗಟ್ಟಲೆ ಒಂದಾದ ಮೇಲೊಂದು ಕೈಕೊಡುತ್ತದೆ, ಅದಕ್ಕೆ ಕೊನೆಯಿಲ್ಲ.

ಬಾಡಿ. ಬಾಗಿಲು, ಬಾನೆಟ್, ಫೆಂಡರ್ ಸಂದುಗಳು ಎರಡೂ ಬದಿ ಸಮ ಇರಬೇಕು. ಅಯಸ್ಕಾಂತ ಉಕ್ಕಿನ ಭಾಗಕ್ಕೆ ಹಿಡಿಯದೇ ಜಾರಿದರೆ ಅಲ್ಲಿ ಪುಟ್ಟಿ. ಒಂದು ಬಾಗಿಲಿಗೆ ಬಣ್ಣ ಹೊಡೆದಿದ್ದರೆ ಪರವಾಗಿಲ್ಲ. ಪಿಲ್ಲರ್, ಛಾವಣಿ, ಮುಂಭಾಗದ ಚಾಸಿ ತೋಳಿನಲ್ಲಿ ವೆಲ್ಡಿಂಗ್ ಇದ್ದರೆ ಬೇಡ. ಎಲ್ಲ ಗಾಜುಗಳ ಮೇಲಿನ ವರ್ಷದ ಗುರುತು ಕಾರಿನ ವರ್ಷಕ್ಕೆ ಹತ್ತಿರ ಇರಬೇಕು.

ಟಯರ್. ಬದಿಯ ನಾಲ್ಕಂಕಿ ಓದಿ. 2321 ಎಂದರೆ 2021ರ 23ನೇ ವಾರ. ಐದಾರು ವರ್ಷ ದಾಟಿದ್ದರೆ ಟಯರಿನ ಮೇಲಿನ ಗೀರು ಎಷ್ಟೇ ಆಳ ಇರಲಿ, ಹೊಸದರ ಖರ್ಚು ಹಾಕಿಕೊಳ್ಳಿ. ಗಾಳಿ ಇಳಿದು ತಿಂಗಳುಗಟ್ಟಲೆ ನಿಂತ ಟಯರ್ ಒಂದು ಕಡೆ ಚಪ್ಪಟೆಯಾಗಿರುತ್ತದೆ.

ಎಂಜಿನ್. ಮುಟ್ಟಿ ನೋಡಿ, ತಣ್ಣಗಿರಬೇಕು. ಬಿಸಿಯಿದ್ದರೆ ನೀವು ಬರುವ ಮೊದಲೇ ಓಡಿಸಿ ತಣ್ಣನೆಯ ಸ್ಟಾರ್ಟಿನ ದೋಷ ಮುಚ್ಚಿದ್ದಾರೆ. ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆ ಬಣ್ಣದ ನೊರೆ ಇದ್ದರೆ, ಕೂಲೆಂಟ್ ಮೇಲೆ ಎಣ್ಣೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ. ಸ್ಟಾರ್ಟ್ ಆದ ಮೇಲೆ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ, ನಿಲ್ಲದ ದಟ್ಟ ಬಿಳಿ ಹೊಗೆ ಬಂದರೆ ಕೂಲೆಂಟ್, ಕಪ್ಪು ಬಂದರೆ ಇಂಧನ ಹೆಚ್ಚಾಗುತ್ತಿದೆ. ಎಂಜಿನ್ ಓಡುವಾಗ ಬ್ಯಾಟರಿ ತುದಿಗಳಲ್ಲಿ ಸುಮಾರು 13.8ರಿಂದ 14.5 ವೋಲ್ಟ್ ಸಿಗಬೇಕು. ನಿಂತ ಗಾಡಿಗಳಲ್ಲಿ ಇಲಿ ವೈರ್ ಕಡಿದಿರುವುದು ಸಾಮಾನ್ಯ, ಬ್ಯಾಟರಿ ಟ್ರೇ ಸುತ್ತ ಟಾರ್ಚ್ ಹಾಕಿ ನೋಡಿ.

ಮೀಟರ್ ದೀಪಗಳು, ಸ್ಕ್ಯಾನರ್. ಕೀ ತಿರುಗಿಸಿದಾಗ ಏರ್‌ಬ್ಯಾಗ್, ಎಬಿಎಸ್, ಎಂಜಿನ್ ದೀಪಗಳು ಹೊತ್ತಿ ಆರಬೇಕು. ಹೊತ್ತಲೇ ಇಲ್ಲವೆಂದರೆ ಬಲ್ಬ್ ತೆಗೆದಿರಬಹುದು, ಅದು ಹೊತ್ತಿಕೊಂಡೇ ಇರುವುದಕ್ಕಿಂತ ಕೆಟ್ಟದ್ದು. ಸ್ಕ್ಯಾನರ್‌ನಲ್ಲಿ ದೋಷ ಕೋಡ್ ಇಲ್ಲದೆ ಒಳಪರೀಕ್ಷೆಗಳು ‘ಸಿದ್ಧವಿಲ್ಲ’ ಎಂದು ತೋರಿಸಿದರೆ ಯಾರೋ ಈಚೆಗೆ ಕೋಡ್ ಅಳಿಸಿದ್ದಾರೆ ಎಂದರ್ಥ. ಆದರೆ ಬ್ಯಾಟರಿ ಸತ್ತು ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟು ಸ್ಟಾರ್ಟ್ ಮಾಡಿದ ಕಾರೂ ಹೀಗೇ ತೋರಿಸುತ್ತದೆ. ಇದೊಂದರಿಂದಲೇ ತೀರ್ಪು ಕೊಡಬೇಡಿ.

ತಳಭಾಗ. ಗೋಣಿ ಹಾಸಿ ಮಲಗಿ ನೋಡಿ. ಕಬ್ಬಿನ ಟ್ರ್ಯಾಕ್ಟರ್ ಓಡಾಡಿ ಹಳ್ಳ ಬಿದ್ದ ದಾರಿಗಳಲ್ಲಿ ಓಡಿದ ಕಾರಿನ ಆಯಿಲ್ ಸಂಪ್ ಜಜ್ಜಿರುತ್ತದೆ. ಜಜ್ಜಿದ ಜಾಗದಲ್ಲಿ ಒದ್ದೆ ಇದೆಯೇ ಎಂಬುದು ಮುಖ್ಯ. ಡ್ರೈವ್ ಶಾಫ್ಟ್‌ನ ರಬ್ಬರ್ ಬೂಟ್ ಹರಿದಿದೆಯೇ, ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರಿದೆಯೇ ನೋಡಿ.

ಓಡಿದ ಕಿಲೋಮೀಟರ್ ಸಂಖ್ಯೆಯನ್ನು ನಂಬಬೇಡಿ. 40 ಸಾವಿರ ಕಿ.ಮೀ. ಓಡಿದ ಕಾರಿನ ಕ್ಲಚ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿರುವುದಿಲ್ಲ. ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ನೋಂದಣಿ ಸಂಖ್ಯೆ ಕೊಟ್ಟು ಕೊನೆಯ ಸರ್ವಿಸ್‌ನ ಕಿಲೋಮೀಟರ್ ವಿಚಾರಿಸಿ.

ಕೊನೆಗೆ ಸ್ಟೆಪ್ನಿ, ಜ್ಯಾಕ್, ಸ್ಟೀರಿಯೊ, ಬ್ಯಾಟರಿಯ ಬ್ರ್ಯಾಂಡ್, ಎಷ್ಟು ಕೀ ಇವೆ ಎಂಬುದರ ವಿಡಿಯೊ ಮಾಡಿಕೊಳ್ಳಿ. ಡೆಲಿವರಿ ದಿನ ಬೇಕಾಗುತ್ತದೆ.

## ಹಂತ 6: ನಿಮ್ಮ ಗರಿಷ್ಠ ಬಿಡ್ ಕಾಗದದ ಮೇಲೆ ಬರೆಯಿರಿ

ಅದೇ ಮಾಡೆಲ್, ಅದೇ ವರ್ಷದ ಕಾರು ಮೈಸೂರಿನಲ್ಲಿ ಮಾಲೀಕರಿಂದ ನೇರ ಕೊಂಡರೆ ಎಷ್ಟು ಎಂಬುದರಿಂದ ಶುರು ಮಾಡಿ ಹಿಂದಕ್ಕೆ ಕಳೆಯುತ್ತಾ ಬನ್ನಿ. ಉದಾಹರಣೆಗೆ ಆ ಬೆಲೆ 4,00,000 ರೂ. ಎಂದಿಟ್ಟುಕೊಳ್ಳಿ.

- ನಾಲ್ಕು ಟಯರ್: 16,000
- ಬ್ಯಾಟರಿ: 5,000
- ಎಲ್ಲ ಆಯಿಲ್, ಫಿಲ್ಟರ್, ಬೆಲ್ಟ್: 10,000
- ವಿಮೆ: 12,000
- ಆರ್‌ಟಿಒ ಶುಲ್ಕ, ನಂಬರ್ ಪ್ಲೇಟ್, ಓಡಾಟ: 8,000
- ಟೋಯಿಂಗ್: 4,000
- ಕಮಿಷನ್: 6,000
- ಬಾಕಿ ದಂಡ: 3,000

ಒಟ್ಟು 64,000. ಇದರ ಮೇಲೆ, ಓಡಿಸಿ ನೋಡಲಾಗದ ಕಾರಿನಲ್ಲಿ ಕಾಣದೇ ಉಳಿದ ದೋಷಕ್ಕೆಂದು 50,000 ಎತ್ತಿಡಿ. ಕ್ಲಚ್, ಟರ್ಬೊ, ಎಸಿ ಕಂಪ್ರೆಸರ್ ಇವುಗಳಲ್ಲಿ ಯಾವುದೋ ಒಂದಕ್ಕೆ ಅದು ಬೇಕಾಗುತ್ತದೆ. ಉಳಿದದ್ದು 2,86,000. ಇಷ್ಟು ಅಪಾಯ ಹೊತ್ತದ್ದಕ್ಕೆ ನಿಮಗೆ ಕನಿಷ್ಠ 40,000 ಉಳಿಯಬೇಕು. ಹಾಗಾದರೆ ಗರಿಷ್ಠ ಬಿಡ್ 2,46,000. ಜಿಎಸ್‌ಟಿ ಬಿಡ್‌ನ ಹೊರಗಿದ್ದರೆ ಅದನ್ನೂ ಕಳೆಯಬೇಕು. ಲೆಕ್ಕ ಇದಕ್ಕಿಂತ ಮೇಲೆ ಹೋಗುವುದಾದರೆ ಹರಾಜಿನ ಸಹವಾಸವೇ ಬೇಡ, ಓಡಿಸಿ ನೋಡಿ ಮಾಲೀಕರಿಂದಲೇ ಕೊಳ್ಳಿ.

## ಹಂತ 7: ಬಿಡ್ ದಿನ

ಆನ್‌ಲೈನ್ ಹರಾಜಿನಲ್ಲಿ ಕೊನೆ ಕ್ಷಣದಲ್ಲಿ ಬಿಡ್ ಬಿದ್ದರೆ ಕೆಲವು ನಿಮಿಷ ಸಮಯ ತಾನಾಗಿ ವಿಸ್ತರಣೆಯಾಗುವ ವ್ಯವಸ್ಥೆ ಸಾಮಾನ್ಯ. ಕೊನೇ ಸೆಕೆಂಡಿಗೆ ಕಾಯುವುದರಿಂದ ಲಾಭವಿಲ್ಲ. ಇನ್ನೊಂದು ಎರಡು ಸಾವಿರ, ಇನ್ನೊಂದು ಎರಡು ಸಾವಿರ ಎಂದು ಏರಿಸುತ್ತಾ ಹೋಗುವುದೇ ಇಲ್ಲಿ ಆಗುವ ತಪ್ಪು. ಬರೆದಿಟ್ಟ ಮೊತ್ತ ದಾಟಿದ ಕೂಡಲೇ ಫೋನ್ ಕೆಳಗಿಡಿ. ಸೊನ್ನೆಗಳನ್ನು ಎಣಿಸಿ ಒತ್ತಿ, ತಪ್ಪಿ ಒತ್ತಿದ ಬಿಡ್ ವಾಪಸ್ ತೆಗೆಯಲು ಆಗುವುದಿಲ್ಲ, ಠೇವಣಿ ಹೋಗುತ್ತದೆ.

## ಹಂತ 8: ಹಣ ಕಟ್ಟಿ ಗಾಡಿ ಪಡೆಯುವುದು

ಹಣ ಬ್ಯಾಂಕಿನ ಅಥವಾ ಹರಾಜು ಸಂಸ್ಥೆಯ ಹೆಸರಿನ ಖಾತೆಗೆ ನೆಫ್ಟ್ ಅಥವಾ ಆರ್‌ಟಿಜಿಎಸ್ ಮೂಲಕ ಮಾತ್ರ. ಯಾರ್ಡ್‌ನವರು, ಏಜೆಂಟರು ತಮ್ಮ ಯುಪಿಐಗೆ ಹಾಕಿ ಎಂದರೆ ಹಾಕಬೇಡಿ. ಕಟ್ಟಿದ ಮೇಲೆ ಮಾರಾಟ ಪತ್ರ, ರಸೀದಿ, ಯಾರ್ಡ್‌ಗೆ ಬಿಡುಗಡೆ ಆದೇಶ ಪಡೆಯಿರಿ. ಮಾರಾಟ ಪತ್ರದಲ್ಲಿ ನೋಂದಣಿ ಸಂಖ್ಯೆ, ಚಾಸಿ ನಂಬರ್, ಎಂಜಿನ್ ನಂಬರ್, ನಿಮ್ಮ ಹೆಸರಿನ ಕಾಗುಣಿತ ಒಂದೊಂದೂ ಅಕ್ಷರ ಓದಿ. ನಿಮ್ಮ ಹೆಸರು ಆಧಾರ್‌ನಲ್ಲಿ ಇದ್ದಂತೆಯೇ ಇರಬೇಕು, ಇನಿಷಿಯಲ್ ಸಹಿತ.

ಗೇಟ್ ಪಾಸ್‌ಗೆ ಸಹಿ ಹಾಕುವ ಮೊದಲು ಹಳೆ ವಿಡಿಯೊ ಹಿಡಿದು ಕಾರನ್ನು ಮತ್ತೊಮ್ಮೆ ಸುತ್ತಿ. ಬ್ಯಾಟರಿ, ಸ್ಟೆಪ್ನಿ ಬದಲಾಗಿರುವುದುಂಟು. ಸಹಿ ಹಾಕಿದ ಮೇಲೆ ಯಾರೂ ಕೇಳುವುದಿಲ್ಲ.

## ಹಂತ 9: ಮನೆಗೆ ತರುವುದು, ವಿಮೆ

ಸೀಜ್ ಆದ ಕಾರಿಗೆ ಚಾಲ್ತಿ ವಿಮೆ ಇಲ್ಲದಿರುವುದೇ ಹೆಚ್ಚು. ಬೆಂಗಳೂರಿನಿಂದ ಮಂಡ್ಯಕ್ಕೆ ಸುಮಾರು 100 ಕಿ.ಮೀ., ಮೈಸೂರಿಗೆ 145. ಅಷ್ಟು ದೂರ ಸವೆದ ಟಯರ್, ತಿಂಗಳುಗಟ್ಟಲೆ ನಿಂತ ಬ್ರೇಕ್ ನಂಬಿ ಎಕ್ಸ್‌ಪ್ರೆಸ್‌ವೇ ಮೇಲೆ ಓಡಿಸುವುದು ಹುಚ್ಚುತನ. ವಿಮೆ ಇಲ್ಲದ್ದಕ್ಕೆ ಮೊದಲ ಸಲ 2,000 ರೂ. ದಂಡ ಅಥವಾ ಮೂರು ತಿಂಗಳವರೆಗೆ ಜೈಲು. ಅದು ದೊಡ್ಡದಲ್ಲ. ಯಾರಿಗಾದರೂ ತಾಗಿದರೆ ಪರಿಹಾರ ನಿಮ್ಮ ಆಸ್ತಿಯಿಂದ ಹೋಗುತ್ತದೆ. ಫ್ಲ್ಯಾಟ್‌ಬೆಡ್ ಟೋಯಿಂಗ್‌ನಲ್ಲೇ ತರಿಸಿ.

ಹಳೆ ಪಾಲಿಸಿ ಇನ್ನೂ ಚಾಲ್ತಿಯಿದ್ದರೆ 14 ದಿನದೊಳಗೆ ನಿಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಿ. ನೋ ಕ್ಲೈಮ್ ಬೋನಸ್ (ಪರಿಹಾರ ಕೇಳದ ವರ್ಷಗಳಿಗೆ ಸಿಗುವ ರಿಯಾಯಿತಿ) ಹಳೆ ಮಾಲೀಕರದ್ದು, ನಿಮಗೆ ಬರುವುದಿಲ್ಲ. ಪಾಲಿಸಿ ಮುಗಿದಿದ್ದರೆ ಪೂರ್ಣ ವಿಮೆಗೆ ಕಂಪನಿ ತಪಾಸಣೆ ಮಾಡುತ್ತದೆ. ಆರ್‌ಸಿ ಹೆಸರು ಬದಲಾಗುವ ತನಕ ಕನಿಷ್ಠ ಥರ್ಡ್ ಪಾರ್ಟಿ ವಿಮೆಯಾದರೂ ಇಲ್ಲದೆ ಕಾರನ್ನು ರಸ್ತೆಗಿಳಿಸಬೇಡಿ.

ಓಡಿಸುವ ಮುನ್ನ ಎಂಜಿನ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಮೂರನ್ನೂ ಬದಲಿಸಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ, ಬದಲಿಸಿದ ದಾಖಲೆ ಇಲ್ಲದಿದ್ದರೆ ಬೆಲ್ಟನ್ನೂ ಬದಲಿಸಿ. ಅದು ಓಡುವಾಗ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ನೇ ಹೋಗಬಹುದು.

## ಹಂತ 10: ಆರ್‌ಟಿಒ

ಕೊಂಡವರು 30 ದಿನದೊಳಗೆ ತಾವು ವಾಸಿಸುವ ವ್ಯಾಪ್ತಿಯ ಆರ್‌ಟಿಒಗೆ ಹೆಸರು ಬದಲಾವಣೆ ತಿಳಿಸಬೇಕು. ಬ್ಯಾಂಕಿನ ಎನ್‌ಒಸಿಗೆ ಅವಧಿ ನಮೂದಾಗಿರುತ್ತದೆ, ಅದು ಮುಗಿದರೆ ಮತ್ತೆ ಬ್ಯಾಂಕಿಗೆ ಅಲೆಯಬೇಕು. ಅರ್ಜಿ ಪರಿವಾಹನ್‌ನಲ್ಲಿ ಹಾಕಿ, ಶುಲ್ಕ ಕಟ್ಟಿ, ಮುದ್ರಿತ ಪ್ರತಿಯ ಜೊತೆ ಆರ್‌ಸಿ, ಫಾರಂ 29, 30, 35, ಎನ್‌ಒಸಿ, ಮಾರಾಟ ಪತ್ರ, ವಿಮೆ, ಮಾಲಿನ್ಯ ತಪಾಸಣಾ ಪತ್ರ, ವಿಳಾಸದ ದಾಖಲೆ, ಪಾನ್, ಚಾಸಿ ಪೆನ್ಸಿಲ್ ಪ್ರಿಂಟ್ ಒಪ್ಪಿಸಿ. ಕಾರಿನ ಹೆಸರು ಬದಲಾವಣೆಯ ಸರ್ಕಾರಿ ಶುಲ್ಕ ಕೆಲವೇ ನೂರು ರೂಪಾಯಿ. ಏಜೆಂಟರು ಹತ್ತು, ಹದಿನೈದು ಸಾವಿರ ಕೇಳಿದರೆ ಯಾವ ಕಾಗದದ ಕೊರತೆ ತುಂಬಲು ಎಂದು ಕೇಳಿ. ಕಾಗದ ಪೂರ್ತಿ ಇದ್ದರೆ ಅಷ್ಟು ಖರ್ಚಾಗುವುದಿಲ್ಲ. ಸಹಿ ತಾವೇ ಹಾಕಿ ಕೊಡುತ್ತೇವೆ ಎಂದರೆ ಒಪ್ಪಬೇಡಿ, ಅದು ಫೋರ್ಜರಿ, ಸಿಕ್ಕಿಬೀಳುವುದು ನೀವು.

ಸಾಲ ತೆಗೆಸುವುದು ಮತ್ತು ಹೆಸರು ಬದಲಾವಣೆ ಎರಡನ್ನೂ ಒಟ್ಟಿಗೇ ಹಾಕಿ. ಒಂದನ್ನು ಮರೆತರೆ ಆರ್‌ಸಿ ನಿಮ್ಮ ಹೆಸರಿಗೆ ಬಂದರೂ ಸಾಲ ಹಳೆ ಬ್ಯಾಂಕಿನದೇ ತೋರಿಸುತ್ತದೆ, ಮುಂದೆ ಮಾರುವಾಗ ತೊಂದರೆ. ಅರ್ಜಿ ಸಂಖ್ಯೆ ಇಟ್ಟುಕೊಂಡು ವಾರಕ್ಕೊಮ್ಮೆ ಆನ್‌ಲೈನ್‌ನಲ್ಲಿ ಸ್ಥಿತಿ ನೋಡಿ. ಆಕ್ಷೇಪಣೆ ಬಂದಿದ್ದರೆ ಅಲ್ಲೇ ಕಾಣುತ್ತದೆ.

ಹೊಸ ಆರ್‌ಸಿ ಬಂದ ದಿನ ನಿಮ್ಮ ಮೊಬೈಲ್ ಸಂಖ್ಯೆ ಅದಕ್ಕೆ ಜೋಡಣೆಯಾಗಿದೆಯೇ ನೋಡಿ, ವಿಮೆಯಲ್ಲಿ ಹೆಸರು ಸರಿ ಮಾಡಿಸಿ. 2019ರ ಏಪ್ರಿಲ್‌ಗೂ ಮುಂಚಿನ ಕಾರಾಗಿದ್ದು ಅತಿಸುರಕ್ಷಿತ ನಂಬರ್ ಪ್ಲೇಟ್ ಇಲ್ಲದಿದ್ದರೆ ಅದನ್ನು ಬುಕ್ ಮಾಡಿ. ಹಳೆ ಮಾಲೀಕರ ಫಾಸ್ಟ್ಯಾಗ್ ಗಾಜಿನ ಮೇಲೆ ಇನ್ನೂ ಅಂಟಿರುತ್ತದೆ. ಒಂದು ವಾಹನಕ್ಕೆ ಒಂದೇ ಟ್ಯಾಗ್ ಎಂಬ ನಿಯಮದಿಂದ ಅದನ್ನು ಮುಚ್ಚಿಸದೆ ಹೊಸದು ಸಿಗುವುದಿಲ್ಲ. ಟ್ಯಾಗ್ ಕೊಟ್ಟ ಬ್ಯಾಂಕಿಗೆ ಹೊಸ ಆರ್‌ಸಿಯ ಪ್ರತಿ ಕಳಿಸಿ ಮುಚ್ಚಿಸಿ, ಇಲ್ಲವಾದರೆ ಗಣಂಗೂರು ಟೋಲ್‌ನಲ್ಲಿ ಪ್ರತಿ ಸಲವೂ ಹೆಚ್ಚು ಶುಲ್ಕ ತೆರಬೇಕಾಗುತ್ತದೆ.